ಓವರ್‌ಲಾಕ್ ಜಡೆ ತಿಂದ ದಾರ

ಬಟ್ಟೆ ಸೂಜಿಯ ಕೆಳಗಿದ್ದಾಗ, ಅಂಚು ಹೆಣೆಯುವ ಓವರ್‌ಲಾಕ್ ಮಷಿನ್ನಿನ ಸದ್ದು ಒಂದು ಥರ, ಬಟ್ಟೆ ದಾಟಿದ ಮೇಲೆ ಇನ್ನೊಂದು ಥರ. ಬಟ್ಟೆ ಇದ್ದಾಗ ದಪ್ಪಗೆ ಗುರ್ ಅನ್ನುತ್ತಿತ್ತು. ಬಟ್ಟೆ ಮುಗಿದು ಬರೀ ದಾರವನ್ನೇ ಹೆಣೆಯಲು ಶುರು ಮಾಡಿದರೆ ಹಗುರವಾಗಿ, ಸಿಳ್ಳೆ ಹಾಕಿದ ಹಾಗೆ, ಕಿರ್ರೆನ್ನುತ್ತಿತ್ತು. ತೊಂಬತ್ತರ ದಶಕದ ನಡುವಿನಲ್ಲಿ, ತುಮಕೂರಿನ ಹೊರಗಿದ್ದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಥ್ರೆಡ್ ಸ್ಟೋರಿನಲ್ಲಿ ಕೂತು ನಾನು ದಿನವಿಡೀ ಆ ಎರಡನೇ ಸದ್ದನ್ನು ಕೇಳುತ್ತಿದ್ದೆ. ದಾರ ದಂಡವಾಗುವ ಸದ್ದು ಅದು.

ಇಂಗ್ಲಿಷ್ ಬರುತ್ತದೆ ಅಂತ ಬಯರ್‌ಗಳಿಗೆ ಲೆಟರ್ ಬರೆಯಲು ನನ್ನನ್ನು ಸೇರಿಸಿಕೊಂಡಿದ್ದರು. ಆಮೇಲೆ ಸ್ಟೋರಿನ ಬೀಗದ ಕೈಯನ್ನೂ ಕೊಟ್ಟು, ಯಾವ ಆರ್ಡರಿಗೆ ಎಷ್ಟು ದಾರ ಬೇಕು ಅನ್ನುವ ಎಸ್ಟಿಮೇಟನ್ನೂ ನನ್ನ ತಲೆಗೇ ಕಟ್ಟಿದರು. ನನಗೆ ಬೇಜಾರಾಗಲಿಲ್ಲ. ಕಾನ್ವೆಂಟಿನ ನೀಡಲ್‌ವರ್ಕ್ ಸಿಸ್ಟರ್ ನಮ್ಮ ಕೈಲಿ ಹೊಲಿಸಿದ್ದಕ್ಕಿಂತ ಬಿಚ್ಚಿಸಿದ್ದೇ ಹೆಚ್ಚು. ಅದೇ ಇಲ್ಲಿ ಉಪಯೋಗಕ್ಕೆ ಬಂತು. ಸ್ಯಾಂಪಲ್ಲಿನಲ್ಲಿ ಒಂದು ಇಂಚು ಹೊಲಿಗೆ ಬಿಚ್ಚಿ, ದಾರವನ್ನು ಸ್ಕೇಲಿನ ಮೇಲೆ ಎಳೆದು ಅಳೆಯುತ್ತಿದ್ದೆ. ಸಾದಾ ಹೊಲಿಗೆ ಇಂಚಿಗೆ ಎರಡೂವರೆ ಇಂಚು ದಾರ ಕೇಳಿದರೆ, ಓವರ್‌ಲಾಕ್ ಹದಿನಾಲ್ಕು ಇಂಚು ನುಂಗುತ್ತಿತ್ತು. ಬಕಾಸುರ.

ಅದರ ಮೇಲೆ ಜಡೆ ಬೇರೆ. ಒಂದು ಪೀಸಿಗೂ ಇನ್ನೊಂದಕ್ಕೂ ನಡುವೆ ಮಷಿನ್ ನಿಲ್ಲಿಸಬಾರದು ಅಂತ ಪ್ರೊಡಕ್ಷನ್ ಮ್ಯಾನೇಜರ್ ಆರ್ಡರ್ ಮಾಡಿದ್ದ. ಹಾಗಾಗಿ ಎರಡು ಪೀಸುಗಳ ನಡುವೆ ಬರೀ ದಾರದ ಉದ್ದನೆಯ ಹೆಣಿಗೆ ನೇತಾಡುತ್ತಿತ್ತು. ಬೆಳ್ಳಾವಿ, ಗುಬ್ಬಿ ಕಡೆಯಿಂದ ಬರುತ್ತಿದ್ದ ಹೆಂಗಸರು ಅದನ್ನು ಜಡೆ ಅನ್ನುತ್ತಿದ್ದರು. ಕತ್ತರಿಸಿ ಬಿಸಾಡಿದ ಜಡೆಗಳನ್ನು ಆಯ್ದು, ಗಂಟು ಹಾಕಿ, ಅದರಲ್ಲೇ ಕನಕಾಂಬರ ಕಟ್ಟಿ ಮುಡಿಯುತ್ತಿದ್ದರು. ಬಾಳೆನಾರಿಗಿಂತ ಗಟ್ಟಿ ಅನ್ನೋರು.

ಬಾಟಲ್ ಗ್ರೀನ್ ನೈಟಿಗಳ ದೊಡ್ಡ ಆರ್ಡರ್ ಬಂದಾಗ ನಾನು ಜಡೆಯನ್ನೂ ಸೇರಿಸಿ ಎಸ್ಟಿಮೇಟ್ ಕೊಟ್ಟೆ. ಮ್ಯಾನೇಜರ್ ಆ ಸಾಲಿನ ಮೇಲೆ ಗೀಟು ಎಳೆದ.

“ಇದೇನ್ ಮೇಡಂ, ಗಾಳೀಲಿ ಹೊಲಿಯೋ ದಾರಕ್ಕೂ ಲೆಕ್ಕ ಕೊಡ್ತೀರಲ್ಲ?”

“ಗಾಳೀಲಿ ಹೊಲೀರಿ ಅಂದೋರು ನೀವೇ ಅಲ್ವಾ ಸಾರ್?”

“ನೀವು ಕಾನ್ವೆಂಟಿನೋರು. ಲೆಟರ್ ಬರ್ಕೊಂಡಿರಿ, ಸಾಕು.”

ಆರ್ಡರ್ ಅರ್ಧಕ್ಕೆ ಬಂದಾಗ ದಾರ ಮುಗಿಯಿತು. ಮತ್ತೆ ಡೈ ಮಾಡಿಸಿ ತಂದ ದಾರದ ಶೇಡ್ ಮೊದಲಿನದಕ್ಕೆ ಕೂಡಲಿಲ್ಲ. ಓನರ್ ಬಂದು ಕೂಗಾಡಿದಾಗ ಮ್ಯಾನೇಜರ್ ಮೆಲ್ಲಗೆ, ಮರ್ಯಾದಸ್ಥನ ಹಾಗೆ, “ಸ್ಟೋರ್ ಕೀ ಮೇಡಂ ಹತ್ರ ಇರುತ್ತೆ ಸಾರ್. ಪೇಟೇಲಿ ಟೈಲರ್‌ಗಳು ಬಾಟಲ್ ಗ್ರೀನ್ ದಾರದ ಕೋನ್ ಇಟ್ಕೊಂಡವ್ರಂತೆ, ನಂಗೇನೂ ಗೊತ್ತಿಲ್ಲಪ್ಪ” ಅಂದ.

ಅವತ್ತು ಸಂಜೆ ಗೇಟಿನಲ್ಲಿ ನನ್ನ ಬ್ಯಾಗನ್ನು ಟೇಬಲ್ ಮೇಲೆ ಮಗುಚಿ ಹಾಕಿದರು. ಟಿಫನ್ ಬಾಕ್ಸು, ಕೊಡೆ, ಲೈಬ್ರರಿ ಪುಸ್ತಕ, ಒಗೆಯಬೇಕಿದ್ದ ಕರ್ಚೀಫು. ಹೊಲಿಗೆ ಲೈನಿನ ಹೆಂಗಸರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ಒಬ್ಬೊಬ್ಬರ ಹೆರಳಲ್ಲೂ ಬಾಟಲ್ ಗ್ರೀನ್ ದಾರದಲ್ಲಿ ಕಟ್ಟಿದ ಹೂವು. ನಾನು ಕೈ ತೋರಿಸಿ, “ನೋಡಿ, ದಾರ ಅಲ್ಲಿದೆ” ಅಂದೆ. ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರ್ ನಕ್ಕ. “ಪಾಪ ಅವ್ರ ಮೇಲೆ ಹಾಕ್ತೀರಾ?” ಅಂದ. ಹೆಂಗಸರ ಮುಖ ಗಂಟಾಯಿತು. ಹಾಗೆ ನಾನು ಕಳ್ಳಿಯೂ ಆದೆ, ಬಡವರ ಮೇಲೆ ತಪ್ಪು ಹೊರಿಸಿದವಳೂ ಆದೆ.

ಕೆಲಸ ಬಿಟ್ಟೆ. ಹೆಸರು ಮಾತ್ರ ನನ್ನನ್ನು ಬಿಡಲಿಲ್ಲ. ಬ್ಲೌಸ್ ಹೊಲಿಯಲು ಕೊಡೋಣ ಅಂತ ಹೋದರೆ ಟೈಲರ್, “ಒಂದೆರಡು ಕೋನ್ ಇದ್ರೆ ನಮ್ಗೂ ಕೊಡಿ ಮೇಡಂ” ಅಂದು ಹಲ್ಲು ಕಿಸಿದ. ಬಸ್‌ಸ್ಟ್ಯಾಂಡಿನಲ್ಲಿ ಲೈನಿನ ಹುಡುಗಿಯೊಬ್ಬಳು ಪಕ್ಕದವಳಿಗೆ, “ಇವ್ರೇ ಕಣೇ ದಾರದ ಮೇಡಂ” ಅಂದದ್ದು ನನ್ನ ಕಿವಿಗೇ ಬಿತ್ತು. ಕ್ಷಮಿಸಬೇಕು ಅಂತ ಸಿಸ್ಟರ್‌ಗಳು ಕಲಿಸಿದ್ದರು. ಆ ಸಬ್ಜೆಕ್ಟಿನಲ್ಲಿ ಐ ವಾಸ್ ಎ ವೆರಿ ಪೂರ್ ಸ್ಟೂಡೆಂಟ್.

ಎರಡು ಸಾವಿರನೇ ಇಸವಿ ಕಳೆದ ಮೇಲೆ ಕುಣಿಗಲ್ ಹತ್ತಿರದ ಒಂದು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಅದೇ ಕೆಲಸ ಸಿಕ್ಕಿತು. ತುಮಕೂರಿನಿಂದ ದಿನಾ ಬಸ್ಸು. ಕುಣಿಗಲ್ ಕೆರೆ ಕಾಣುವ ಹೊತ್ತಿಗೆ ಬ್ಯಾಗಿನ ಜಿಪ್ ಎಳೆದು ಒಳಗೊಮ್ಮೆ ನೋಡಿಕೊಳ್ಳುವುದು ನನಗೆ ಅಭ್ಯಾಸವಾಗಿ ಹೋಗಿತ್ತು. ಈ ಕಂಪನಿ ಸಣ್ಣ ಯೂನಿಟ್ಟುಗಳಿಗೆ ಜಾಬ್‌ವರ್ಕ್ ಕೊಡುತ್ತಿತ್ತು. ಎಷ್ಟು ದಾರ ಬೇಕು ಅಂತ ಅವರೇ ಬರೆದು ತರಬೇಕು, ಒಂದೇ ಸಲ ಇಶ್ಯೂ, ಕಮ್ಮಿ ಬಿದ್ದರೆ ಅವರ ತಲೆನೋವು.

ಒಂದು ಬೆಳಿಗ್ಗೆ ಆ ಮ್ಯಾನೇಜರ್ ಬಂದ. ಹಳೇ ಫ್ಯಾಕ್ಟರಿ ಬಿಟ್ಟು, ಗುಬ್ಬಿಯಲ್ಲಿ ಶೆಡ್ ಹಾಕಿ ಮಷಿನ್‌ಗಳನ್ನು ಇಟ್ಟುಕೊಂಡಿದ್ದನಂತೆ.

“ಅಯ್ಯೋ ಮೇಡಂ, ನೀವಾ? ನಮ್ಮೋರೇ ಇದೀರಲ್ಲ, ಒಳ್ಳೇದಾಯ್ತು ಬಿಡಿ.”

ಕಾಫಿ ತರಿಸಿಕೊಟ್ಟೆ. ಅವನ ಎಸ್ಟಿಮೇಟ್ ಓದಿದೆ. ಹೊಲಿಗೆಯ ಉದ್ದವಿತ್ತು, ಓವರ್‌ಲಾಕ್ ಇತ್ತು, ಜಡೆ ಇರಲಿಲ್ಲ.

“ವೇಸ್ಟೇಜ್ ಎಲ್ಲಾ ಸೇರ್ಸಿದೀರಾ?” ಅಂತ ಕೇಳಿದೆ.

“ನಂಗೆ ಹೇಳ್ಕೊಡ್ತೀರಾ ಮೇಡಂ?” ಅಂದ, ಕಾಫಿ ಹೀರುತ್ತಾ.

ಸೈನ್ ಮಾಡಿದೆ. ನನ್ನ ಕೈಬರಹ ಇನ್ಯಾವತ್ತೂ ಅಷ್ಟು ಚೆನ್ನಾಗಿ ಬಂದದ್ದು ನನಗೆ ನೆನಪಿಲ್ಲ. ಅಷ್ಟು ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆರ್ಡರ್ ಮುಗಿಯುವ ಮೊದಲೇ ದಾರ ಮುಗಿಯಿತು. ಅಂಗಡಿಯಿಂದ ತಂದು ಹೊಲಿಸಿದ ಪೀಸುಗಳು ಶೇಡ್ ಬೇರೆ ಅಂತ ರಿಜೆಕ್ಟ್ ಆದವು. ಅವನು ಮತ್ತೆ ಬಂದಾಗ ಶೇವ್ ಮಾಡಿರಲಿಲ್ಲ.

“ಸ್ಟೋರಿಂದಲೇ ಕಮ್ಮಿ ಇಶ್ಯೂ ಆಗಿತ್ತು ಅಂತ ನಿಮ್ ಸಾರ್‌ಗೆ ಒಂದ್ ಮಾತ್ ಹೇಳ್ಬುಡಿ ಮೇಡಂ. ನಿಮ್ಮ ಮಾತು ಕೇಳ್ತಾರೆ. ಇಲ್ದಿದ್ರೆ ನನ್ ಯೂನಿಟ್ ಮುಚ್ಚೋಗುತ್ತೆ.”

“ನೀವೂ ಒಂದು ಮಾತು ಹೇಳಿ. ಹಳೇ ಫ್ಯಾಕ್ಟರಿ ಲೈನಿನ ಹೆಂಗಸರ ಮುಂದೆ. ಆ ದಾರ ಮೇಡಂ ಕದ್ದಿರ್ಲಿಲ್ಲ ಅಂತ.”

ಅವನು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ನಿಮ್ಗೆ ಬೇಕಾದ್ರೆ ಈಗಲೇ ಹೇಳ್ತೀನಿ. ನೀವು ಕದ್ದಿರ್ಲಿಲ್ಲ. ನಂಗೆ ಆವತ್ತೇ ಗೊತ್ತಿತ್ತು. ಆದ್ರೆ ನನ್ ಕೈಕೆಳಗೆ ಇದ್ದೋರ್ ಮುಂದೆ ಹೆಂಗ್ ನಿಂತ್ಕೊಂಡ್ ಹೇಳ್ಲಿ?”

“ನಾನು ನಿಂತಿದ್ದೆನಲ್ಲ, ಗೇಟಿನಲ್ಲಿ.”

ಅವನು ಎದ್ದು ಹೋದ. ನಾನು ಯಾರಿಗೂ ಏನೂ ಹೇಳಲಿಲ್ಲ. ಗುಬ್ಬಿಯ ಶೆಡ್ಡಿಗೆ ಬೀಗ ಬಿತ್ತು ಅಂತ ಲಾರಿ ಡ್ರೈವರ್ ಬಂದು ಹೇಳಿದ ದಿನ ಮಧ್ಯಾಹ್ನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಅವನನ್ನು ಕೊನೆಯ ಸಲ ನೋಡಿದ್ದು ಗುಬ್ಬಿಯ ಒಂದು ಛತ್ರದಲ್ಲಿ. ಲೈನಿನಲ್ಲಿದ್ದ ಹೆಂಗಸೊಬ್ಬಳ ಮಗಳ ಮದುವೆ. ಯಾಕೆ ಕರೆದಳೋ, ಬಂದು ಕರೆದಿದ್ದಳು, ಹೋದೆ. ಪಂಕ್ತಿಯಲ್ಲಿ ಎಲ್ಲಾ ಅವರೇ, ಆವತ್ತು ಗೇಟಿನಲ್ಲಿ ಸಾಲಾಗಿ ನಿಂತಿದ್ದವರು. ನನ್ನ ಎರಡೂ ಪಕ್ಕದ ಎಲೆಗೆ ಯಾರೂ ಕೂತಿರಲಿಲ್ಲ. ಆಗ ಅವನು ಒಳಗೆ ಬಂದ. ಅಭ್ಯಾಸಬಲದಿಂದ ಇಬ್ಬರು ಮೂವರು ಎದ್ದೇ ನಿಂತರು. “ಕೂತ್ಕಳ್ರಮ್ಮ, ಊಟ ಮಾಡಿ” ಅನ್ನುತ್ತಾ ಬಂದವನು ನನ್ನ ಎಲೆಯ ಎದುರಿಗೆ ಬಂದಾಗ ನಿಂತ.

“ಸಾರ್, ಎಲ್ಲಾರೂ ಇದಾರೆ. ಆ ದಾರ ಏನಾಯ್ತು ಅಂತ ಹೇಳ್ಬಿಡಿ” ಅಂದೆ. ಗಟ್ಟಿಯಾಗೇ ಅಂದೆ. ಬಡಿಸುವವನ ಸೌಟು ಕೂಡ ನಿಂತಿತು.

ಅವನು ಎಲ್ಲರ ಮುಖ ನೋಡಿದ, ನನ್ನ ಮುಖ ನೋಡಿದ.

“ಯಾವ ದಾರ ಮೇಡಂ?” ಅಂದ.

ಹಾಗೆ ಹೇಳಿ, ಊಟಕ್ಕೂ ಕೂರದೆ, ಬಾಗಿಲ ಕಡೆ ನಡೆದ. ಹೊರಗೆ ಚಪ್ಪಲಿಗಳ ರಾಶಿಯಲ್ಲಿ ತನ್ನ ಜೋಡು ಹುಡುಕುತ್ತಾ ಬಗ್ಗಿದ್ದ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ನಾನು ಎಲೆಯ ಮುಂದಿನಿಂದ ಏಳದೆ, ಅವನ ಬೆನ್ನನ್ನೇ ನೋಡುತ್ತಾ ಕೂತಿದ್ದೆ.