ಇಪ್ಪತ್ತೆರಡು ತಿರುವಿನ ಚೀಟಿ

ಬೆಳಿಗ್ಗೆಯಿಂದ ಅವಳ ತಲೆಯಲ್ಲಿ ಒಂದೇ ಕೊರೆತ. ಚೀಟಿಯಲ್ಲಿ ಏನೋ ತಪ್ಪಾಗಿದೆ. ಏನು ಅಂತ ಕೇಳಿದರೆ ಹೇಳಲು ಬಾರದು. ಗ್ಯಾಸ್ ಆರಿಸಿದೆನಾ, ನಲ್ಲಿ ನಿಲ್ಲಿಸಿದೆನಾ ಅನ್ನುವ ಜಾತಿಯ ಚಿಂತೆಗಳು ಅವಳಿಗೆ ಹೊಸವಲ್ಲ, ದಿನಕ್ಕೆ ಹತ್ತು ಬಂದು ಹೋಗುತ್ತವೆ. ಇದು ಮಾತ್ರ ಹೋಗುತ್ತಿಲ್ಲ. ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹತ್ತಿರ ನಾಲಿಗೆ ಹೋದ ಹಾಗೆ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿದೆ.

ಚೀಟಿ ಅಂದರೆ ಎರಡು ಬೆರಳಗಲದ ದಪ್ಪ ಕಾಗದದ ಪಟ್ಟಿ. ಘಾಟಿ ಹತ್ತಿಳಿಯುವ ಸೈಕಲ್ ಸವಾರರು ಅದನ್ನು ಹ್ಯಾಂಡಲ್ ಹಿಂದಿನ ಕೊಳವೆಗೆ ಅಂಟಿಸಿಕೊಳ್ಳುತ್ತಾರೆ. ಎಷ್ಟನೇ ಕಿಲೋಮೀಟರಿಗೆ ಏರು ಶುರು, ಎಲ್ಲಿ ಕುಡಿಯುವ ನೀರು, ಎಷ್ಟನೇ ತಿರುವಿನಲ್ಲಿ ಜಲ್ಲಿ, ಎಲ್ಲ ಅದರಲ್ಲಿ ಇರುತ್ತದೆ. ಬೆಟ್ಟದ ಮೇಲೆ ಮೊಬೈಲಿಗೆ ಸಿಗ್ನಲ್ ಇಲ್ಲ, ಹಿಮ ಬೀಳುವ ಆ ಚಳಿಗೆ ಬ್ಯಾಟರಿಯೂ ತಡೆಯುವುದಿಲ್ಲ. ಹಾಗಾಗಿ ಗಂಡನ ಸೈಕಲ್ ಅಂಗಡಿಯಿಂದ ಹೊರಡುವ ಪ್ರತಿ ಗುಂಪಿಗೂ ಇವಳ ಕೈಬರಹದ ಚೀಟಿ ಬೇಕೇ ಬೇಕು. ಬರೆದು, ಮೇಲೆ ಪಾರದರ್ಶಕ ಟೇಪು ಸುತ್ತಿ, ಮಳೆ ಬಂದರೂ ಅಳಿಸದ ಹಾಗೆ ಮಾಡಿ ಕೊಡುತ್ತಾಳೆ.

ಮದುವೆಗೆ ಮುಂಚೆ ಅವಳು ಪಟ್ಟಣದ ರಸ್ತೆ ಇಲಾಖೆಯ ನಕ್ಷೆ ಕೋಣೆಯಲ್ಲಿ ಕೂತು ರಸ್ತೆಗಳ ಏರಿಳಿತದ ಗೆರೆ ಎಳೆಯುತ್ತಿದ್ದಳು. ರಜೆ ಬಂದರೆ ಸೈಕಲ್ ಹತ್ತಿ, ತಾನೇ ಎಳೆದ ಗೆರೆಯ ಮೇಲೆ ಹೋಗಿ ಬರುತ್ತಿದ್ದಳು. ಹಾಗೆ ಹೋದಾಗ ಒಮ್ಮೆ ಚೈನ್ ತುಂಡಾಗಿ, ಬೆಟ್ಟದ ಬುಡದ ಈ ಅಂಗಡಿಗೆ ಸೈಕಲ್ ನೂಕಿಕೊಂಡು ಬಂದಳು. ಚೈನ್ ಜೋಡಿಸಿಕೊಟ್ಟವನನ್ನೇ ಕಟ್ಟಿಕೊಂಡಳು. “ಅತ್ತಿಗೆ ಬಂದಿದ್ದು ಚೈನಿಗೆ, ಹೊಡ್ಕೊಂಡಿದ್ದು ಇಡೀ ಅಂಗಡೀನ” ಅಂತ ನಾದಿನಿ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಚೀಟಿ ಬರೆಯುವುದರಲ್ಲಿ ಅವಳದೊಂದು ಕಟ್ಟುನಿಟ್ಟು. ತನ್ನ ಕಾಲು ತುಳಿಯದ ರಸ್ತೆಯ ಬಗ್ಗೆ ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಮಗಳು ಹುಟ್ಟಿದ ಮೇಲೆ ಸೈಕಲ್ ಗೋಡೆಯ ಕೊಕ್ಕೆಗೆ ಹೋಯಿತು, ಸೀಟಿನ ಮೇಲೆ ಧೂಳು ಕೂತಿತು. ಹನ್ನೊಂದು ತಿಂಗಳಿಂದ ಹಳೆಯ ನೋಟುಬುಕ್ಕುಗಳಿಂದಲೇ ಕೆಲಸ ನಡೆಯುತ್ತಿದೆ. ಚೀಟಿಯಲ್ಲಿ ರಸ್ತೆ ಕಡಿಮೆಯಾಗಿ ಬುದ್ಧಿಮಾತು ಹೆಚ್ಚಾಯಿತು. ಘಾಟಿಯ ತುದಿ ಬಂದರೆ ಸಾಕು, “ಎಲ್ಲರೂ ಸೇರುವವರೆಗೆ ಇಳಿಯಬೇಡಿ. ಚಳಿಗಾಳಿ ತಡೆಯಲು ಅಂಗಿಯೊಳಗೆ ಎದೆಗೆ ನ್ಯೂಸ್‌ಪೇಪರ್ ಇಟ್ಟುಕೊಳ್ಳಿ. ಜಿಪ್ ಹಾಕಿದಿರಾ, ನೋಡಿ.”

“ಮೂಗು ಒರೆಸಿಕೊಳ್ಳಿ ಅನ್ನೋದೊಂದು ಬಿಟ್ಟುಹೋಯ್ತಲ್ಲ” ಅಂದಿದ್ದ ಗಂಡ.

“ಜಾಗ ಸಾಲಲಿಲ್ಲ ರೀ” ಅಂದಿದ್ದಳು ಇವಳು.

ಈ ಸಲ ದಾರಿ ತಿರುವುಮುರುವಾಗಿತ್ತು. ಎಂದಿನಂತೆ ಅಂಗಡಿಯ ಮುಂದಿನ ಇಪ್ಪತ್ತೆರಡು ತಿರುವು ಹತ್ತಿ, ತುದಿ ಮುಟ್ಟಿ, ಆಚೆ ಬದಿಗೆ ಇಳಿದು, ಬೆಟ್ಟ ಸುತ್ತಿ ಮನೆಗೆ ಬರುವ ಹಾಗಿರಲಿಲ್ಲ. ಆಚೆ ಬದಿಯಲ್ಲಿ ಮಧ್ಯಾಹ್ನ ಬಂಡೆ ಒಡೆಯುವ ಕೆಲಸ, ಹನ್ನೆರಡರ ಮೇಲೆ ರಸ್ತೆ ಬಂದ್. ಅದಕ್ಕೆ ಬೆಳಿಗ್ಗೆ ಆಚೆಯಿಂದ ಹತ್ತಿ, ಈಚೆಯ ಇಪ್ಪತ್ತೆರಡು ತಿರುವುಗಳನ್ನು ಇಳಿದು ಬರೋಣ ಅಂತ ಗಂಡ ಎರಡೇ ದಿನ ಮುಂಚೆ ತೀರ್ಮಾನ ಮಾಡಿದ. ಹನ್ನೊಂದು ಜನ. ಮುಂದೆ ನಾದಿನಿ, ಕೊನೆಯಲ್ಲಿ ರಿಪೇರಿ ಚೀಲದ ಜೊತೆ ಅವನು. ನಾದಿನಿಗೆ ಹತ್ತೊಂಬತ್ತು ವರ್ಷ, ಗುಂಪಿನ ಮುಂದೆ ಹೋಗುವುದು ಇದೇ ಮೊದಲು. ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದು ಅವಳಿಗೆ ಅವಮಾನ.

ಮಗುವಿಗೆ ಹಲ್ಲು ಬರುವ ಜ್ವರ. ತೊಡೆಯ ಮೇಲೆ ಅದನ್ನು ಹಾಕಿಕೊಂಡು, ಒಂದು ಕೈಯಲ್ಲಿ ಹಣೆ ಮುಟ್ಟುತ್ತ, ಇನ್ನೊಂದು ಕೈಯಲ್ಲಿ ಹಳೆಯ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಉಲ್ಟಾ ಮಾಡುತ್ತ ಬರೆದಿದ್ದಳು. ಆ ತಿರುವುಗಳನ್ನು ಅವಳು ಅದೆಷ್ಟೋ ಸಲ ಹತ್ತಿದ್ದಳು. ಇಳಿದಿರಲಿಲ್ಲ, ಒಂದು ಸಲವೂ. ಈ ಬೆಳಿಗ್ಗೆ ಹೊರಡುವಾಗ ನಾದಿನಿ ಚೀಟಿಯನ್ನು ಕೊಳವೆಗೆ ಒತ್ತಿ ಅಂಟಿಸುತ್ತ ಹೇಳಿದ್ದಳು: “ನಿಮ್ಮ ಚೀಟಿ ಇದ್ರೆ ಕಣ್ಣು ಮುಚ್ಕೊಂಡು ಇಳೀಬಹುದು ಅತ್ತಿಗೆ.”

“ಕಣ್ಣು ಬಿಟ್ಕೊಂಡೇ ಇಳಿಯೇ ಮಾರಾಯ್ತಿ.”

ಕೊರೆತ ಶುರುವಾದದ್ದು ಅಲ್ಲಿಂದ.

ವಾರದ ಮಟ್ಟಿಗೆ ಬಂದಿದ್ದ ಇವಳ ಅಮ್ಮ ಮಗುವಿನ ಒಗೆದ ಬಟ್ಟೆಯ ಬಕೆಟ್ ಹಿಡಿದು ಕೆಳಗೆ ಹೊರಟರು. ಮಾಳಿಗೆಯಿಂದ ಅಂಗಡಿಗೆ ಹದಿನಾಲ್ಕು ಮರದ ಮೆಟ್ಟಿಲು.

“ಅಮ್ಮಾ, ಐದನೇ ಮೆಟ್ಟಿಲು ಅಲ್ಲಾಡ್ತಿದೆ, ನೋಡ್ಕೊಂಡು.”

“ಆಯ್ತು ಕಣೆ, ನಾನೇನು ಕುರುಡಿಯಾ?”

ಅಮ್ಮ ಎಣಿಸುತ್ತ ಇಳಿಯುವುದು ಒಳಗೆ ಕೇಳುತ್ತಿತ್ತು. ಐದಕ್ಕೆ ನಿಂತು, ಕಾಲಿನಿಂದ ಒತ್ತಿ ನೋಡಿ, ಏನೂ ಇಲ್ಲವಲ್ಲ ಅಂತ ಗೊಣಗಿ ದಡದಡನೆ ಮುಂದೆ ಹೋದರು. ಆಮೇಲೆ ಹಲಗೆ ಎದ್ದ ಸದ್ದು, ಬಕೆಟ್ ಉರುಳಿದ ಸದ್ದು. ಅವಳು ಓಡಿಬಂದು ನೋಡಿದರೆ ಅಮ್ಮ ಎರಡೂ ಕೈಯಲ್ಲಿ ಕಟಕಟೆ ಹಿಡಿದು ನಿಂತಿದ್ದರು.

“ಐದನೇದು ಅಂದ್ಯಲ್ಲೇ. ಐದನೇದು ಕಲ್ಲಿನ ಹಾಗಿದೆ. ಅಲ್ಲಾಡೋದು ಇದು, ಹತ್ತನೇದು.”

“ಕೆಳಗಿನಿಂದ ಐದನೇದಮ್ಮ.”

“ನಾನು ಇಳೀತಿದ್ದೀನಿ ಕಣೆ. ಇಳಿಯೋರಿಗೆ ಕೆಳಗಿನಿಂದ ಎಣಿಸಿ ಹೇಳ್ತಾರಾ ಯಾರಾದ್ರೂ? ಐದನೇದು ಸರಿಯಾಗಿದೆ, ರಿಪೇರಿ ಮಾಡಿಸಿದ್ದಾರೆ ಅಂದ್ಕೊಂಡು ನಾನು ಧೈರ್ಯವಾಗಿ ಕಾಲು ಬಿಟ್ಟೆ.”

ಅವಳಿಗೆ ಕಾಲಿನ ಕೆಳಗಿನ ಹಲಗೆಯೇ ಜಾರಿದ ಹಾಗಾಯಿತು. ಕೊರೆತಕ್ಕೆ ಈಗ ಹೆಸರು ಸಿಕ್ಕಿತ್ತು.

ಇಪ್ಪತ್ತೆರಡು ತಿರುವುಗಳ ನಡುವೆ ಒಂದು ಕಡೆ, ದನಗಳು ದಾಟದಿರಲಿ ಅಂತ ರಸ್ತೆಗೆ ಅಡ್ಡಲಾಗಿ, ಸಂದು ಬಿಟ್ಟು, ಕಬ್ಬಿಣದ ಸರಳು ಹಾಸಿದ್ದಾರೆ. ಮಂಜಿನ ನೀರು ಬಿದ್ದು ಅದು ಸದಾ ಒದ್ದೆ. ಹತ್ತುವವರಿಗೆ ಅದೊಂದು ಗಡಗಡ ಸದ್ದು, ಅಷ್ಟೆ. ಕೆಳಗಿನಿಂದ ಏಳನೇ ತಿರುವು ಮುಗಿದ ಕೂಡಲೇ ಬರುತ್ತದೆ. ಇಳಿಯುವವರಿಗೆ ಅದೇ ತಿರುವು ಹದಿನಾರನೆಯದು, ಸರಳು ಅದರ ಬಾಯಲ್ಲೇ ಇರುತ್ತದೆ, ಸರಿಯಾಗಿ ಹ್ಯಾಂಡಲ್ ವಾಲಿಸುವ ಹೊತ್ತಿಗೆ. ಒದ್ದೆ ಸರಳಿನ ಮೇಲೆ ವಾಲಿದರೆ ಚಕ್ರ ಜಾರಿಹೋಗುತ್ತದೆ. ಆಚೆಗೆ ಮೊಣಕಾಲೆತ್ತರದ ಕಲ್ಲುಕಟ್ಟೆ, ಕಟ್ಟೆಯ ಆಚೆ ಏನೂ ಇಲ್ಲ.

ತಾನು ಬರೆದದ್ದು ಏಳೋ, ಹದಿನಾರೋ? ಕಿಲೋಮೀಟರುಗಳನ್ನೆಲ್ಲ ಒಟ್ಟು ದೂರದಿಂದ ಕಳೆದು ಹೊಸದಾಗಿ ಬರೆದದ್ದು ನೆನಪಿದೆ. ಏರು ಅಂತ ಇದ್ದಲ್ಲಿ ಇಳಿಜಾರು ಅಂತ ಮಾಡಿದ್ದು ನೆನಪಿದೆ. ತಿರುವಿನ ಲೆಕ್ಕಕ್ಕೆ ಬಂದಾಗ ಮಗು ಕಿರುಚಿದ್ದು ನೆನಪಿದೆ. ಮುಂದಿನದು ಬರೀ ಬಿಳಿ. ಏಳು ಅಂತಲೇ ಉಳಿದಿದ್ದರೆ ನಾದಿನಿ ಮೇಲಿನ ಏಳನೇ ತಿರುವಿನಲ್ಲಿ ಬ್ರೇಕು ಹಿಡಿಯುತ್ತಾಳೆ, ಅಲ್ಲಿ ಏನೂ ಇರುವುದಿಲ್ಲ. ಸರಳು ಕಿತ್ತಿದ್ದಾರೆ ಅಂದುಕೊಳ್ಳುತ್ತಾಳೆ. ಅಮ್ಮನ ಹಾಗೆಯೇ, ಧೈರ್ಯವಾಗಿ ಬಿಡುತ್ತಾಳೆ.

ಗಂಡನಿಗೆ ಫೋನ್ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗೆ. ನಾದಿನಿಯದೂ ಅದೇ ಹೆಂಗಸಿನ ದನಿ, ಅದೇ ಮಾತು. ಗೋಡೆ ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ಹನ್ನೊಂದೂವರೆಗೆ ಮೊದಲಿನವರು ತುದಿ ಮುಟ್ಟುತ್ತಾರೆ ಅಂತ ಚೀಟಿಯಲ್ಲಿ ಅವಳೇ ಬರೆದಿದ್ದಳು.

ತುದಿಯಲ್ಲೊಂದು ಚಹಾದ ಮನೆ ಇದೆ, ಅಲ್ಲಿ ತಂತಿಯ ಫೋನ್ ಇದೆ. ಅದನ್ನು ನಡೆಸುವ ಮುದುಕನನ್ನು ಸವಾರರೆಲ್ಲ ದೊಡ್ಡಪ್ಪ ಅನ್ನುತ್ತಾರೆ. ಅಲ್ಲಿಗೆ ಮಾಡಬಹುದು, ಆದರೆ ಯಾವ ಮುಖದಿಂದ? ಹೋದ ವರ್ಷ ಗಂಡ ಎರಡು ಗಂಟೆ ತಡ ಮಾಡಿದ ಅಂತ ಅಳುತ್ತ ಅಲ್ಲಿಗೆ ಫೋನ್ ಮಾಡಿದ್ದಳು. ದೊಡ್ಡಪ್ಪ ಹಿಮ ತಳ್ಳುವ ಟ್ರ್ಯಾಕ್ಟರ್ ತೆಗೆದುಕೊಂಡು ಆರು ಕಿಲೋಮೀಟರ್ ಇಳಿದು ಹೋದರು. ಗಂಡ ರಸ್ತೆ ಕೆಲಸದವರ ಡೇರೆಯಲ್ಲಿ ಕೂತು ಇಸ್ಪೀಟು ಆಡುತ್ತಿದ್ದ. ಅಂದಿನಿಂದ ಅಂಗಡಿಯಲ್ಲಿ ಅವಳ ಹೆಸರು ಸೈರನ್. ಹೊಸಬರು ಬಂದರೂ ಮೊದಲು ಈ ಕತೆ ಹೇಳಿಯೇ ಟಯರಿಗೆ ಗಾಳಿ ಹೊಡೆಯುತ್ತಾರೆ. ಇನ್ನು ಮೇಲಕ್ಕೆ ಫೋನ್ ಮಾಡುವುದಿಲ್ಲ ಅಂತ ಗಂಡ ಅವಳಿಂದ ಮಾತು ತೆಗೆದುಕೊಂಡಿದ್ದ.

“ಅಮ್ಮಾ, ಫೋನ್ ಮಾಡ್ಲಾ?”

“ತಪ್ಪು ಬರೆದಿದ್ದೀಯಾ?”

“ಗೊತ್ತಿಲ್ಲ.”

“ಗೊತ್ತಿಲ್ದೆ ಮಾಡಿದ್ರೆ ಮತ್ತೆ ನಗ್ತಾರೆ. ಇಷ್ಟೆಲ್ಲ ಓದಿಸಿದ್ದು ಇದಕ್ಕಾ, ಬರೆದಿದ್ದೇನು ಅಂತಾನೂ ನೆನಪಿರಲ್ಲ ಅಂದ್ರೆ.”

ನೋಡೋಣ ಅಂದರೆ ಹನ್ನೊಂದು ಚೀಟಿಗಳೂ ಬೆಟ್ಟದ ಮೇಲಿವೆ. ಆಗ ನೆನಪಾಯಿತು, ಬರೆದದ್ದು ಹನ್ನೆರಡು. ಒಂದರ ಟೇಪು ಸುಕ್ಕಾಗಿ ಎಸೆದಿದ್ದಳು. ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದಳು. ಹತ್ತಿ, ಔಷಧಿಯ ಡಬ್ಬಿ, ಸೇಬಿನ ಸಿಪ್ಪೆ. ಅಂಗಡಿಗೆ ಇಳಿದು ಗ್ರೀಸು ಮೆತ್ತಿದ ಬಟ್ಟೆಗಳ ಡಬ್ಬ ಕೆದಕಿದಳು. ಮೇಜಿನ ಕುಂಟುಕಾಲಿನ ಕೆಳಗೆ ಮಡಿಸಿ ಇಟ್ಟ ಕಾಗದ ಎಳೆದಳು, ಅದು ಯಾವುದೋ ಗೇರಿನ ಪೆಟ್ಟಿಗೆಯ ಮುಚ್ಚಳ. ಮತ್ತೆ ಮೇಲೆ ಹತ್ತಿದಳು. ಹನ್ನೊಂದೂ ಕಾಲು. ಈ ಹೊತ್ತಿಗೆ ಅವರು ಕೊನೆಯ ಕಡಿದಾದ ಏರಿನಲ್ಲಿ ಸೀಟಿನಿಂದ ಎದ್ದು ತುಳಿಯುತ್ತಿರುತ್ತಾರೆ. ಅವಳ ತೊಡೆಗಳು ತಾವಾಗಿ ಬಿಗಿದುಕೊಂಡವು, ಹೋಗಲು ಮಾತ್ರ ದಾರಿ ಇರಲಿಲ್ಲ.

ಮಗು ಗಲಾಟೆ ಇಲ್ಲದೆ ಕೂತಿದ್ದದ್ದು ಅವಳಿಗೆ ಆಗ ಹೊಳೆಯಿತು. ಮಂಚದ ಕೆಳಗೆ, ಜೊಲ್ಲು ಸುರಿಸುತ್ತ, ಏನನ್ನೋ ವಸಡಿನಿಂದ ಜಗಿಯುತ್ತಿತ್ತು. ಬೆರಳು ಹಾಕಿ ಎಳೆದರೆ ಬಂದದ್ದು ಚೀಟಿ. ಟೇಪಿನ ಮೇಲೆ ಎರಡು ಹೊಸ ಹಲ್ಲಿನ ಗುರುತು. ಮಗು ಕಿಟಾರನೆ ಕಿರುಚಿತು. ಅವಳು ಸೆರಗಿನಿಂದ ಜೊಲ್ಲು ಒರೆಸಿ ಓದಿದಳು.

ಇಳಿಜಾರು. ಏಳನೇ ತಿರುವು ಆದ ಕೂಡಲೇ ಕಬ್ಬಿಣದ ಸರಳು. ಜೋಪಾನ.

ಜೋಪಾನ ಅನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದಳು.

“ಏನಿದೆ?” ಅಮ್ಮ ಕೇಳಿದರು.

ಅವಳು ಮಗುವನ್ನು ಅಮ್ಮನ ಕೈಗೆ ಕೊಟ್ಟು ಫೋನ್ ಎತ್ತಿಕೊಂಡಳು. ಬೆರಳು ಎರಡು ಸಲ ತಪ್ಪು ಒತ್ತಿತು. ಮೂರನೇ ಸಲಕ್ಕೆ ಆ ಕಡೆ ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು. ಕಡಿದುಹೋಯಿತು. ಮತ್ತೆ ಒತ್ತಿದಳು.

“ಯಾರು?”

“ದೊಡ್ಡಪ್ಪ, ನಾನು. ಕೆಳಗಿನ ಸೈಕಲ್ ಅಂಗಡಿಯಿಂದ.”

“ಓಹೋ, ಸೈರನ್ ತಾಯಿ. ಟ್ರ್ಯಾಕ್ಟರ್ ತೆಗೀಲಾ? ಡೀಸೆಲ್ ತುಂಬಿಸಿ ಇಟ್ಟಿದ್ದೀನಿ.”

“ನಗಬೇಡಿ ದೊಡ್ಡಪ್ಪ. ನನ್ನ ನಾದಿನಿ ಬಂದಳಾ? ಚೀಟಿ ತಪ್ಪಾಗಿದೆ. ಸರಳು ಇರೋದು ಏಳನೇ ತಿರುವಿಗಲ್ಲ. ನಾನು ಕೆಳಗಿನಿಂದ ಎಣಿಸಿಬಿಟ್ಟೆ. ಮೇಲಿಂದ ಹದಿನೈದು ದಾಟಿ, ಹದಿನಾರರ ಬಾಯಲ್ಲಿದೆ. ಅವಳನ್ನ ನಿಲ್ಲಿಸಿ.”

ಆ ಕಡೆ ನಗು ನಿಂತಿತು. “ಲೈನಲ್ಲೇ ಇರು” ಅಂದರು. ಫೋನನ್ನು ಕಟ್ಟೆಯ ಮೇಲೆ ಇಟ್ಟ ಸದ್ದು. ಬಾಗಿಲು ತೆರೆದ ಸದ್ದು, ಗಾಳಿ, ಲೋಟಗಳು. ಯಾರನ್ನೋ ಕೂಗುತ್ತಿದ್ದಾರೆ, ಗಾಳಿಗೆ ಮಾತು ಕೇಳಿಸುತ್ತಿಲ್ಲ. ಅವಳು ಒಂದು ಕೈಯಲ್ಲಿ ಚೀಟಿ ಹಿಡಿದು ಮನಸ್ಸಿನಲ್ಲೇ ಇಳಿಯತೊಡಗಿದಳು. ಮೂರನೇ ತಿರುವು. ಐದನೇ ತಿರುವು. ಎಂದೂ ಇಳಿಯದ ರಸ್ತೆ, ಎಲ್ಲಿ ಬಾಗುತ್ತದೆ ಅಂತಲೇ ಸರಿಯಾಗಿ ಕಾಣಿಸುತ್ತಿಲ್ಲ. ಹನ್ನೊಂದಕ್ಕೆ ಬಂದು ಅಲ್ಲೇ ನಿಂತಳು. ಮುಂದೆ ಹೋಗಲು ಧೈರ್ಯ ಬರಲಿಲ್ಲ. ಅಮ್ಮ ಮಗುವಿನ ಬೆನ್ನು ತಟ್ಟುತ್ತ ಅವಳ ಮುಖವನ್ನೇ ನೋಡುತ್ತಿದ್ದರು.

ಫೋನಿನಲ್ಲಿ ಮೊದಲು ಕೇಳಿಸಿದ್ದು ಸರಬರ ಸದ್ದು. ಅಂಗಿಯೊಳಗೆ ತುರುಕಿದ ನ್ಯೂಸ್‌ಪೇಪರಿನ ಸದ್ದು.

“ಅತ್ತಿಗೆ? ಹೇಳಿ. ಎಲ್ಲರೂ ಸೇರೋವರೆಗೆ ಇಳೀಬೇಡಿ ಅಂತ ಬರೆದಿದ್ದೀರಲ್ಲ, ಅದಕ್ಕೇ ನಡುಗ್ತಾ ನಿಂತಿದ್ದೀನಿ. ಅಣ್ಣ ಇನ್ನೂ ಬಂದಿಲ್ಲ.”

ಅವಳು ಚೀಟಿಯನ್ನು ಬೆಳಕಿಗೆ ಹಿಡಿದಳು. ಒಂದೊಂದೇ ಪದ ಬಿಡಿಸಿ ಹೇಳಿದಳು. ಹದಿನೈದು. ಹದಿನಾರು. ಆ ಕಡೆ ದೊಡ್ಡಪ್ಪ ಪೆನ್ನು ಹುಡುಕುವುದು ಕೇಳಿಸಿತು. ನಾದಿನಿ ಬರೆದುಕೊಂಡಳು, ಓದಿ ಹೇಳಿದಳು. ಆಮೇಲೆ ಕೇಳಿದಳು:

“ಅತ್ತಿಗೆ, ಇನ್ನೂ ಎರಡು ಕಡೆ ಜಲ್ಲಿ ಅಂತ ಬರೆದಿದೆ, ಮೂರನೇ ತಿರುವು, ಹನ್ನೆರಡನೇ ತಿರುವು. ಅವು ಸರಿ ಇದೆಯಾ?”

ಅವಳು ಕೈಯಲ್ಲಿದ್ದ ಚೀಟಿ ನೋಡಿದಳು. ಆ ಸಾಲಿನ ಮೇಲೆಯೇ ಮಗುವಿನ ಹಲ್ಲು ಬಿದ್ದಿತ್ತು. ಅಕ್ಷರ ಕಾಣಿಸಿದ್ದರೂ, ಆ ಲೆಕ್ಕವನ್ನು ತಿರುಗಿಸಿದ್ದೆನೋ ಇಲ್ಲವೋ ಅನ್ನುವುದು ನೆನಪಾಗುತ್ತಿರಲಿಲ್ಲ.

“ಗೊತ್ತಿಲ್ಲ ಕಣೆ” ಅಂದಳು. “ನಂಗೆ ಗೊತ್ತಿಲ್ಲ. ಚೀಟಿ ಕಿತ್ತುಹಾಕು. ನಿನ್ನ ಚೀಟಿ ಮಾತ್ರ ಅಲ್ಲ, ಎಲ್ಲರದ್ದೂ. ಬ್ರೇಕ್ ಹಿಡ್ಕೊಂಡೇ ಬಾ.”