ಮಿಕ್ಸರಿನ ಮೇಲಿನ ಗುಲಾಬಿ ಚುಕ್ಕಿ

ನಮ್ಮ ಅಂಗಡಿಯ ಗೋಡೆಯ ಮೇಲೆ ಒಂದು ಸರ್ಟಿಫಿಕೇಟು ಇತ್ತು. ಕಟ್ಟು ಹಾಕಿಸಿ, ಗಾಜು ಕೂರಿಸಿ, ದೇವರ ಫೋಟೋಗಳ ಸಾಲಿನಲ್ಲೇ ತೂಗುಹಾಕಿದ್ದರು. ಅಂಚೆಯ ಮೂಲಕ ರೇಡಿಯೋ ಮತ್ತು ಧ್ವನಿವರ್ಧಕದ ಪಾಠಗಳನ್ನು ಮೊದಲ ದರ್ಜೆಯಲ್ಲಿ ಮುಗಿಸಿದ್ದಕ್ಕೆ ಕೊಟ್ಟದ್ದು. ಮೇಲೆ ಇದ್ದದ್ದು ನನ್ನ ಅಣ್ಣನ ಹೆಸರು. ಪಾಠ ಓದಿದವಳು, ಉತ್ತರ ಬರೆದು ಟಪಾಲಿಗೆ ಹಾಕಿಸಿದವಳು ನಾನು.

ಇದರಲ್ಲಿ ಅಣ್ಣನ ಮೋಸವೇನೂ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದ ನಡುವಿನ ಮಾತು. ಅಪ್ಪ ಹಾನಗಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಅಣ್ಣ ಮ್ಯಾಟ್ರಿಕ್ಕಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ, ಅವನಿಗೊಂದು ದಾರಿಯಾಗಲಿ ಎಂದು ಆ ಕೋರ್ಸಿಗೆ ಸೇರಿಸಿದ್ದರು. ನಾನು ಒಂದೇ ಸಲಕ್ಕೆ ಪಾಸಾಗಿದ್ದೆ, ಆದರೆ ನನ್ನನ್ನು ಮನೆಯಲ್ಲಿ ಕೂರಿಸಿದ್ದರು. ಮೂರನೇ ಪಾಠ ಬರುವಷ್ಟರಲ್ಲಿ ಅಣ್ಣನಿಗೆ ತಲೆ ಚಿಟ್ಟು ಹಿಡಿಯಿತು. ಪುಸ್ತಕ ನನ್ನ ಕಡೆ ಎಸೆದು, "ನೀನ ಬರದು ಹಾಕವಾ, ಪುಣ್ಯಾ ಬರ್ತೈತಿ ನಿನಗ" ಅಂದ. ನಾನು ಬರೆದು ಹಾಕಿದೆ. ಪುಣ್ಯ ಬಂತೋ ಇಲ್ಲವೋ, ಸರ್ಟಿಫಿಕೇಟಂತೂ ಬಂತು.

ಅದರ ಬಲದ ಮೇಲೆ ಮನೆಯ ಮುಂದಿನ ಕೋಣೆ ಮೈಕ್ ಸೆಟ್ಟಿನ ಅಂಗಡಿಯಾಯಿತು. ಒಂದು ಆಂಪ್ಲಿಫೈಯರು, ಎರಡು ಮೈಕು, ಒಂದು ರಿಕಾರ್ಡ್ ಪ್ಲೇಯರು, ನಾಲ್ಕು ಹಾರ್ನು. ಆ ಹಾರ್ನುಗಳಿಗೆ ನಮ್ಮ ಕಡೆ ಭೋಂಗಾ ಅನ್ನುತ್ತಾರೆ. ಮುಂದಿನ ಕೋಣೆ ಅಣ್ಣನದು, ಹಿಂದಿನದು ನನ್ನದು. ನಡುವೆ ಒಂದು ಪರದೆ. ಗಿರಾಕಿ ಬಂದು, "ಮಷೀನು ಗುಂಯ್ ಅನ್ನಾಕತ್ತೈತಿ, ನೋಡ್ರಿ" ಅಂದರೆ ಅಣ್ಣ ಗಂಭೀರವಾಗಿ ಅದನ್ನು ಕಿವಿಗೆ ಹಿಡಿದು, "ಒಳಗ ಇಟ್ಟು ನೋಡಬೇಕಾಕ್ಕೈತಿ" ಅನ್ನುತ್ತಿದ್ದ. ಒಳಗೆ ಎಂದರೆ ನಾನು. ಕಿಟಕಿಯಿಲ್ಲದ ಕೋಣೆ, ರಾಳದ ಹೊಗೆ, ಬೆರಳ ತುದಿಗೆಲ್ಲ ಬೆಸುಗೆಯ ಸುಟ್ಟ ಕಲೆ. ನನ್ನನ್ನು ನೋಡಲು ಬಂದ ಗಂಡಿನ ತಾಯಿಯೊಬ್ಬಳು ಆ ಕೈ ಹಿಡಿದು ತಿರುಗಿಸಿ ನೋಡಿ, ಚಹಾ ಕೂಡ ಮುಗಿಸದೆ ಎದ್ದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ನನ್ನ ಕೆಲಸ ರಿಪೇರಿಯಷ್ಟೇ ಅಲ್ಲ. ಎಲ್ಲಿಗಾದರೂ ಸೆಟ್ ಹೋಗಬೇಕಾದರೆ ಅಣ್ಣ ಒಂದು ದಿನ ಮೊದಲು ಹೋಗಿ ಜಾಗ ನೋಡಿ ಬರುತ್ತಿದ್ದ. ಬಂದವನು ಸೀಮೆಸುಣ್ಣ ಹಿಡಿದು ನನ್ನ ಕೋಣೆಯ ನೆಲದ ಮೇಲೆ ಬರೆಯುತ್ತಿದ್ದ: ಇದು ಸ್ಟೇಜು, ಇದು ಬೇವಿನ ಗಿಡ, ಇದು ಸಾಲಿಯ ಗೋಡೆ, ಹೆಣ್ಣುಮಕ್ಕಳು ಕೂಡುವುದು ಇಲ್ಲಿ. ನಾನು ಹುಣಸೆ ಬೀಜ ತೆಗೆದುಕೊಂಡು ಇಡುತ್ತಿದ್ದೆ. ಒಂದು ಬೀಜ ಒಂದು ಭೋಂಗಾ. ಇದನ್ನು ಗಿಡಕ್ಕೆ ಕಟ್ಟು, ಮುಖ ಹೊರಕ್ಕಿರಲಿ. ಇದನ್ನು ಗೋಡೆಯ ಎದುರು ಇಡಬೇಡ, ಮಾತು ತಿರುಗಿ ಬಂದು ಮೈಕಿನೊಳಗೆ ಹೊಗುತ್ತದೆ, ಆಗ ಕುಂಯ್ ಎಂದು ಕೂಗುತ್ತದೆ. ಮೈಕಿನ ವೈರನ್ನು ಕರೆಂಟಿನ ವೈರಿನ ಜೊತೆ ಎಳೆಯಬೇಡ. ಕಬ್ಬಿಣದ ಸಲಾಕೆ ನೆಲಕ್ಕೆ ಹೊಡೆದು ಉಪ್ಪುನೀರು ಸುರಿದು ಅರ್ಥಿಂಗ್ ಕೊಡು. ಅಣ್ಣ ಎಲ್ಲವನ್ನೂ ಬೀಡಿಯ ಪಾಕೀಟಿನ ಹಿಂದೆ ಬರೆದುಕೊಂಡು ಹೋಗುತ್ತಿದ್ದ.

ತಿಳವಳ್ಳಿಯ ಬಯಲು, ಹಿರೇಕೆರೂರಿನ ಶಾಲೆಯ ಅಂಗಳ, ಶಿಗ್ಗಾವಿಯ ಮೈದಾನ, ಎಲ್ಲಿ ಯಾವ ಗಿಡ ಇದೆ, ಯಾವ ಗೋಡೆ ಎಷ್ಟು ಎತ್ತರ ಎಂದು ನನಗೆ ಗೊತ್ತಿತ್ತು. ಒಂದನ್ನೂ ನೋಡಿರಲಿಲ್ಲ. "ನಾನೂ ಬರ್ತೇನಿ ಒಂದ್ಸಲ" ಎಂದು ಅಪ್ಪನನ್ನು ಕೇಳಿದ್ದುಂಟು. "ಹೆಣ್ಣುಮಗಳು ಭೋಂಗಾ ಹೊತ್ಕೊಂಡು ಬಸ್ ಏರಿದ್ರ ಮಂದಿ ಏನಂದಾರು?" ಅಂದ. ಹೊರಬೇಕಾಗಿಲ್ಲ, ನೋಡಿದರೆ ಸಾಕು ಎಂದೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಗಿರಣಿಗೆ ಹೋದ.

ಎಂಬತ್ತರ ದಶಕ ಅರ್ಧ ಕಳೆಯುವಾಗ ಭಾಷಣ, ಮದುವೆಗಳ ಜೊತೆ ಆರ್ಕೆಸ್ಟ್ರಾಗಳು ಶುರುವಾದವು. ಹಿರೇಕೆರೂರಿನ ಕೆಲವು ಹುಡುಗರು ಒಂದು ತಂಡ ಕಟ್ಟಿ, ಐದು ಮೈಕು ಬೇಕು, ಕೀಬೋರ್ಡಿಗೆ ಬೇರೆ, ತಬಲಾಕ್ಕೆ ಬೇರೆ ಎಂದು ಕೇಳಿದರು. ನಮ್ಮ ಮಷೀನಿಗೆ ಎರಡೇ ತೂತು. ಹಲವು ಮೈಕುಗಳ ದನಿಯನ್ನು ಒಂದುಗೂಡಿಸುವ ಮಿಕ್ಸರ್ ಬೇಕಾಯಿತು. ಅಣ್ಣ ಹುಬ್ಬಳ್ಳಿಗೆ ಹೋಗಿ ಎರಡು ಕಂಪನಿಗಳ ಚಿತ್ರವಿದ್ದ ಹಾಳೆ ತಂದ. ಒಂದರ ತುಂಬ ದೀಪಗಳು, ಕೆಂಪು, ಹಸಿರು. ಅಣ್ಣನ ಕಣ್ಣು ಅದರ ಮೇಲೇ ಇತ್ತು.

"ಇದು ಭಾರೀ ಐತಿ ನೋಡು, ಸ್ಟೇಜಿನ ಮ್ಯಾಲ ಇಟ್ರ ಮಂದಿ ಹಾಡು ಬಿಟ್ಟು ಇದನ್ನ ನೋಡ್ತಾರ."

"ಮಂದಿ ಹಾಡು ಬಿಡಬಾರದಂತನ ನಮ್ಮನ್ನ ಕರಸ್ತಾರ, ಅಣ್ಣಾ" ಎಂದೆ.

ಇನ್ನೊಂದು ನೋಡಲು ಬಡಪಾಯಿ, ಬೂದು ಬಣ್ಣದ ತಗಡಿನ ಡಬ್ಬಿ. ಆದರೆ ಆರು ಮೈಕಿಗೆ ದನಿ ಏರಿಸಿ ಇಳಿಸುವ ಆರು ಬೇರೆ ಬೇರೆ ತಿರುವು, ಪ್ರತಿಯೊಂದಕ್ಕೂ ದಪ್ಪ ದನಿ, ತೆಳು ದನಿ ಎಂದು ಮತ್ತೆರಡು. ಚೀಟಿ ಬರೆದುಕೊಟ್ಟೆ: ಅಂಗಡಿಯಲ್ಲೇ ಹಚ್ಚಿಸಿ ನೋಡು, ಯಾವ ಮೈಕನ್ನೂ ಸಿಗಿಸದೆ ಎಲ್ಲ ತಿರುವನ್ನೂ ಪೂರ್ತಿ ಏರಿಸು, ಅನ್ನ ಕುದಿಯುವ ಸಪ್ಪಳದಷ್ಟು ಬಂದರೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ಬೇರೆ ಪೀಸು ಕೇಳು. ಅಣ್ಣ ಮೂರನೆಯ ಪೀಸು ತಂದ. ಅಂಗಡಿಯವನು ಅವನ ಜಾಣತನಕ್ಕೆ ತಲೆದೂಗಿದನಂತೆ.

ಆ ಡಬ್ಬಿಯ ಜೊತೆ ನಾನು ಹದಿನೈದು ದಿನ ಕಳೆದೆ. ಅಣ್ಣನಿಂದ ಹಾಡಿಸಿದೆ, ಎಣ್ಣೆಯ ಡಬ್ಬ ಬಡಿದು ತಬಲಾ ಮಾಡಿದೆ. ಬೆರಳಿನಡಿ ದನಿ ದಪ್ಪಗಾಗಿ, ತೆಳ್ಳಗಾಗಿ, ಸರಿಯಾದ ಜಾಗಕ್ಕೆ ಬಂದು ನಿಲ್ಲುವುದಿದೆಯಲ್ಲ, ಅಷ್ಟು ಸುಖ ನನಗೆ ಆ ಮನೆಯಲ್ಲಿ ಮತ್ತಾವುದರಿಂದಲೂ ಸಿಕ್ಕಿರಲಿಲ್ಲ.

ಅದೇ ಹೊತ್ತಿಗೆ ಧಾರವಾಡದಿಂದ ನನ್ನ ಹೆಸರಿಗೆ ಒಂದು ಪತ್ರ ಬಂತು. ಹೆಣ್ಣುಮಕ್ಕಳಿಗೆ ರೇಡಿಯೋ ಕೆಲಸ ಕಲಿಸುವ ಒಂದು ಕೇಂದ್ರದಲ್ಲಿ ಸಹಾಯಕಿ ಬೇಕೆಂದು ಪೇಪರಿನಲ್ಲಿ ನೋಡಿ ಬರೆದಿದ್ದೆ. ಸರ್ಟಿಫಿಕೇಟು ನನ್ನ ಹೆಸರಿನಲ್ಲಿಲ್ಲ, ಆದರೆ ಕೈಕೆಲಸ ತೋರಿಸುತ್ತೇನೆ ಎಂದು ಇದ್ದದ್ದು ಇದ್ದ ಹಾಗೆ ತಿಳಿಸಿದ್ದೆ. ಬಂದು ತೋರಿಸಿರಿ ಎಂದಿದ್ದರು. ದಸರೆ ಮುಗಿದ ಮೇಲಿನ ಸೋಮವಾರ.

ಅಪ್ಪ ಪತ್ರವನ್ನು ಎರಡು ಸಲ ಓದಿಸಿಕೊಂಡ. ಅಣ್ಣ ನನ್ನ ಪರ ನಿಂತ. "ಹೋಗ್ಲಿ ಬಿಡಪ್ಪಾ. ಆ ಸರ್ಟಿಫಿಕೇಟ್ ನೋಡಿದಾಗೊಮ್ಮೆ ನನಗ ನಾಚಿಕಿ ಬರ್ತೈತಿ" ಅಂದ. ಅವನು ಹಾಗೆ ಹೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಕೊನೆಗೆ ಅಪ್ಪ ಒಂದು ಷರತ್ತು ಹಾಕಿದ. ದಸರೆಯಲ್ಲಿ ಸವಣೂರಿನಲ್ಲಿ ಆ ತಂಡದ ಕಾರ್ಯಕ್ರಮ ಇತ್ತು. ಮಿಕ್ಸರಿನ ಮೊದಲ ಕಾರ್ಯಕ್ರಮ. ಅದನ್ನು ಅಣ್ಣ ಒಬ್ಬನೇ ನಡೆಸಿಕೊಂಡು ಬಂದರೆ ನಾನು ಹೋಗಬಹುದು. ಇಲ್ಲವಾದರೆ, "ಅಂಗಡಿ ಮುಚ್ಚಿ ನಿನ್ನ ಕಳಸಾಕ ಆಗೂದಿಲ್ಲ."

ಅವ್ವ ಒಲೆಯ ಮುಂದೆ ಕೂತಿದ್ದಳು. ಕಟ್ಟಿಗೆಯನ್ನು ಒಳಕ್ಕೆ ದೂಡಿದಳು. ಅವಳು ಮಾತಾಡುವುದೇ ಕಡಿಮೆ.

ಅಣ್ಣನಿಗೆ ಕಿವಿ ಸಾಲದು, ಕಣ್ಣು ಚಲೋ. ಹಾಗಾಗಿ ಬಳೆಗಾರನ ಹತ್ತಿರ ಉಗುರಿಗೆ ಹಚ್ಚುವ ಬಣ್ಣದ ಸಣ್ಣ ಶೀಸೆ ಕೊಂಡೆ. ಗುಲಾಬಿ ಬಣ್ಣ. ಪ್ರತಿ ತಿರುವಿನ ಪಕ್ಕ, ಅದು ಎಲ್ಲಿಗೆ ಬಂದು ನಿಲ್ಲಬೇಕೋ ಅಲ್ಲಿ ಒಂದೊಂದು ಚುಕ್ಕಿ ಇಟ್ಟೆ. "ಮೊದಲಿಗೆ ಚುಕ್ಕಿಗೆ ತಂದು ನಿಂದ್ರಸು. ಆಮ್ಯಾಲ ಕೂದಲೆಳಿಯಷ್ಟು ಆಕಡೆ ಈಕಡೆ, ಅಷ್ಟ" ಎಂದು ಹೇಳಿಕೊಟ್ಟೆ. ಅಣ್ಣ ಕಣ್ಣು ಮುಚ್ಚಿ ತೆರೆದು, ಎಲ್ಲ ಕೆಡಿಸಿ ಮತ್ತೆ ಕೂಡಿಸಿ, ಹತ್ತು ಸಲ ಮಾಡಿ ತೋರಿಸಿದ. ನಾನು ಟ್ರಂಕು ಹೊರಗೆ ತೆಗೆದೆ.

ಆಯುಧ, ಸಾಮಾನುಗಳನ್ನು ಪೂಜಿಸುವ ಖಂಡೇ ಪೂಜೆಯ ದಿನ ಬೆಳಿಗ್ಗೆ ನಾನು ಹೊರಗಾದೆ. ನಮ್ಮಲ್ಲಿ ಆಗ ಮೂರು ದಿನ ಹಿತ್ತಲ ಕಡೆಯ ಪಡಸಾಲೆಯಲ್ಲಿ ಕೂಡಬೇಕು, ಏನನ್ನೂ ಮುಟ್ಟುವ ಹಾಗಿಲ್ಲ. ಇಕ್ಕಳ, ಬೆಸುಗೆಯ ಕೋಲು, ಆಂಪ್ಲಿಫೈಯರು, ಮಿಕ್ಸರು ಎಲ್ಲವನ್ನೂ ಒರೆಸಿ, ಸಾಲಾಗಿ ಇಟ್ಟು, ಪೂಜೆ ಮಾಡಿದವಳು ಅವ್ವ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಯಾರೂ ಅಲುಗಿಸುವುದಿಲ್ಲ. ಮೇಲೆ ಮಡಿಬಟ್ಟೆ ಹೊದಿಸಿದ್ದಳು. ಮರುದಿನ ನಸುಕಿನಲ್ಲಿ ಅಣ್ಣ ಬಟ್ಟೆಸಮೇತ ಎಲ್ಲ ಕಟ್ಟಿಕೊಂಡು ಸವಣೂರಿನ ಬಸ್ಸು ಹಿಡಿದ. ನಾನು ಹಿತ್ತಲಿನಿಂದಲೇ, "ಚುಕ್ಕಿ ನೆನಪಿರ್ಲಿ" ಎಂದು ಕೂಗಿದೆ.

ಅವನು ತಿರುಗಿ ಬಂದದ್ದು ಮಾರನೇ ದಿನ ಮಧ್ಯಾಹ್ನ, ಮುಖ ಇಳಿಬಿಟ್ಟುಕೊಂಡು. ಮಿಕ್ಸರು ಚಾಲೂ ಮಾಡುತ್ತಿದ್ದಂತೆ ಭೋಂಗಾಗಳೆಲ್ಲ ಒಟ್ಟಿಗೆ ಕುಂಯ್ ಎಂದು ಕಿರುಚಿದವಂತೆ. ಮುಂದೆ ಕೂತ ಹಿರಿಯರು ಕಿವಿ ಮುಚ್ಚಿಕೊಂಡು ಎದ್ದರಂತೆ. ಇವನು ಚುಕ್ಕಿ ಹುಡುಕಿ ಹುಡುಕಿ ಮತ್ತೆ ಅಲ್ಲಿಗೇ ತಂದು ನಿಲ್ಲಿಸಿದನಂತೆ, ಅದು ಮತ್ತೆ ಕಿರುಚಿತಂತೆ. ಕೊನೆಗೆ ತಂಡದವರು ಬೇರೆ ಸೆಟ್ ತರಿಸಿ ಹಾಡಿದರು.

"ನೀ ಇಟ್ಟ ಚುಕ್ಕಿಗೇ ಇಟ್ಟೇನಿ, ದೇವರಾಣಿ" ಅಂದ. "ಎಲ್ಲಾ ಬಲಕ್ಕ ಇದ್ವು."

ನಾನು ಯಾವುದನ್ನೂ ಬಲಕ್ಕೆ ಇಟ್ಟಿರಲಿಲ್ಲ. ಬಲಕ್ಕೆ ತಿರುಗಿಸಿದರೆ ಪೂರ್ತಿ ಜೋರು. ಮೂರು ದಿನ ಮುಗಿದು ತಲೆಗೆ ನೀರು ಹಾಕಿಕೊಂಡ ಮೇಲೆ ಹೋಗಿ ಮಿಕ್ಸರು ನೋಡಿದೆ. ಪ್ರತಿ ತಿರುವಿನ ಬಲಗಡೆ ಕುಂಕುಮದ ಚುಕ್ಕಿ, ಅಚ್ಚುಕಟ್ಟಾಗಿ, ಹದಿನೆಂಟು. ಶುಭವಾಗಲೆಂದು ಬಲಗಡೆ. ಸವಣೂರಿಗೆಂದು ನಾನೇ ಚುಕ್ಕಿಗಳ ಜಾಗ ಬದಲಿಸಿ ಕುಂಕುಮದಲ್ಲಿ ಇಡಿಸಿದ್ದೇನೆ ಎಂದು ಅಣ್ಣ ತಿಳಿದಿದ್ದ. ಗುಲಾಬಿ ಬಣ್ಣದ ಒಂದು ಚುಕ್ಕಿಯೂ ಉಳಿದಿರಲಿಲ್ಲ.

"ಒರಸುವಾಗ ಹೋಗಿರಬೇಕು, ಅವ್ವಗ ಏನ್ ಗೊತ್ತು?" ಎಂದು ಅಣ್ಣ ಹಣೆ ಹಿಡಿದುಕೊಂಡ. ಅಪ್ಪನ ಷರತ್ತು ಅಲ್ಲಿಗೇ ಮುರಿದಿತ್ತು.

ಆದರೆ ಉಗುರಿನ ಬಣ್ಣ ಒದ್ದೆ ಬಟ್ಟೆಗೆ ಹೋಗುವುದಿಲ್ಲ. ತಗಡಿನ ಮೇಲೆ ಬೆರಳಾಡಿಸಿದೆ. ಚುಕ್ಕಿ ಇದ್ದ ಪ್ರತಿ ಜಾಗದಲ್ಲೂ ಸಣ್ಣ ಸಣ್ಣ ಗೀರು. ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಜೀವಮಾನದಲ್ಲಿ ಬಣ್ಣ ಕಾಣದ ಅವಳ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ, ಹಿಟ್ಟಿನ ನಡುವೆ, ಗುಲಾಬಿಯ ಒಂದು ಚೂರು ಸಿಕ್ಕಿಕೊಂಡಿತ್ತು.

ಅಪ್ಪ ಮಾಡಿದ್ದರೆ, ಅಣ್ಣ ಮಾಡಿದ್ದರೆ ಮನೆ ಹಾರಿಹೋಗುವ ಹಾಗೆ ಕೂಗುತ್ತಿದ್ದೆ.

"ಯಾಕ ಕೆರದೀ ಅವ್ವಾ?"

ಅವಳು ಕೈ ಮುಚ್ಚಿಕೊಳ್ಳಲಿಲ್ಲ. ಸುಳ್ಳೂ ಹೇಳಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿದಳು.

"ಈ ಮನ್ಯಾಗ ನಾಕು ಭೋಂಗಾ ಅದಾವ" ಅಂದಳು. "ಇಡೀ ಸೀಮಿಗೆ ಕೇಳಸ್ತಾವ. ಒಂದರ ನನ್ನ ಮಾತು ಕೇಳತೈತೇನು? ನಿಮ್ಮಪ್ಪ ಮಾತಾಡಿದ್ರ ಗಿರಣಿದು, ನಿಮ್ಮಣ್ಣ ಮಾತಾಡಿದ್ರ ಗಿರಾಕಿದು. ನೀ ಹ್ವಾದ್ರ ನಾ ಯಾರ ಜೋಡಿ ಮಾತಾಡ್ಲಿ?"

ಬಾಗಿಲಿಗೆ ಕೀಲಿ ಹಾಕಿದ್ದರೆ ಮುರಿದು ಹೋಗುತ್ತಿದ್ದೆ. ಅಪ್ಪನ ಷರತ್ತನ್ನೂ ದಾಟುತ್ತಿದ್ದೆನೇನೋ. ಇದನ್ನು ದಾಟುವುದು ಹೇಗೆಂದು ಆ ಪಾಠಗಳಲ್ಲಿ ಎಲ್ಲೂ ಇರಲಿಲ್ಲ. ಅವಳ ಮೇಲೆ ಸಿಟ್ಟೂ ಇಳಿಯಲಿಲ್ಲ, ಅವಳನ್ನು ಬಿಟ್ಟು ಹೋಗುವ ಕಾಲೂ ಏಳಲಿಲ್ಲ. ಆ ಸಂಜೆ ಶೀಸೆ ತೆಗೆದು ಹದಿನೆಂಟು ಚುಕ್ಕಿಗಳನ್ನೂ ಮತ್ತೆ ಇಟ್ಟೆ. ಮುಂದೆ ಅವನ್ನು ಯಾರೂ ಕೆರೆಯಲಿಲ್ಲ. ಅದರ ಅಗತ್ಯ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಧಾರವಾಡದ ಕಡೆಯ ಬಸ್ಸು ನಮ್ಮ ಅಂಗಡಿಯ ಮುಂದೆಯೇ ಹಾದು ಹೋಯಿತು. ಅದರ ಹಾರ್ನು ನನಗೆ ಗುರುತು. ನಾನು ಹಿಂದಿನ ಕೋಣೆಯಲ್ಲಿ, ಮುಂದಿನ ವಾರದ ಕಾರ್ಯಕ್ರಮಕ್ಕೆಂದು, ನೆಲದ ಮೇಲೆ ಶಿಗ್ಗಾವಿಯ ಮೈದಾನ ಬರೆಯುತ್ತಿದ್ದೆ. ಅವ್ವ ಒಂದು ಬೊಗಸೆ ಹುಣಸೆ ಬೀಜ ತಂದು ನನ್ನ ಪಕ್ಕ ಇಟ್ಟಳು. ಹೋಗಲಿಲ್ಲ, ಅಲ್ಲೇ ಕೂತಳು. ಒಂದು ಬೀಜ ಎತ್ತಿಕೊಂಡು, "ಇದನ್ನ ಎಲ್ಲಿ ಇಡೂದವಾ?" ಎಂದು ಕೇಳಿದಳು.

ಗಿಡದ ಹತ್ತಿರ, ಮುಖ ಹೊರಕ್ಕೆ, ಎಂದು ತೋರಿಸಿದೆ.