ಬೀಳಲು ಒಪ್ಪದ ಯೆರಿಕೋ ಗೋಡೆ

ದುಬೈಗೆ ಮೆಟ್ರೋ ಇನ್ನೂ ಹೊಸತು. ಸತ್ವಾ ಬಡಾವಣೆಯಲ್ಲಿ, ಹಲವರು ಹಂಚಿಕೊಂಡಿದ್ದ ವಿಲ್ಲಾದಲ್ಲಿ ನಮ್ಮ ಪಕ್ಕದ ಕೋಣೆಯವರು ಮಂಗಳೂರಿನ ಕ್ರಿಶ್ಚಿಯನ್ನರು. ಅವರ ಮಗಳಿಗೆ ವಾರದ ರಜೆಯಾದ ಶುಕ್ರವಾರದ ಚರ್ಚ್ ನಾಟಕದಲ್ಲಿ ಸೇನಾಪತಿಯ ಪಾತ್ರ ಸಿಕ್ಕಿತು. ಸೇನೆ ಯೆರಿಕೋ ಪಟ್ಟಣವನ್ನು ಏಳು ಸುತ್ತು ಸುತ್ತಿ, ಕೊಂಬೂದಿ ಕೂಗಿದರೆ ಕೋಟೆಯ ಗೋಡೆ ಉರುಳಬೇಕು. ಬೈಬಲಿನ ಕಥೆ ಅದು. ಈ ಸೇನಾಪತಿಯೋ, ಯಾರಾದರೂ ಹೆಸರು ಕೇಳಿದರೆ ಅಮ್ಮನ ಹಿಂದೆ ಅಡಗುವವಳು.

“ಗೋಡೆ ನೀವೇ ಮಾಡಿ ಕೊಡ್ಬೇಕು ಅಣ್ಣಾ,” ಎಂದರು ಅವಳ ಅಮ್ಮ. “ಅವಳು ಕೂಗಿದ ಕೂಡ್ಲೆ ಬೀಳ್ಬೇಕು ಮಾರಾಯ್ರೆ. ಇಲ್ಲದಿದ್ರೆ ಇವಳು ಇನ್ನು ಸ್ಟೇಜು ಹತ್ತುದಿಲ್ಲ.”

ನಾನು ಉಡುಪಿಯವನು, ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಕೇಳಿಕೊಂಡರೆ ಉಬ್ಬಿಹೋಗುವ ಪೈಕಿ. ಗ್ಯಾರೇಜಿನಲ್ಲೇ ಮರದ ಚೌಕಟ್ಟಿಗೆ ಥರ್ಮಕೋಲ್ ಅಂಟಿಸಿ ಕೋಟೆ ಕಟ್ಟಿದೆ, ಚೆಂದಕ್ಕೆ ಒಂದು ಬಾಗಿಲನ್ನೂ ಇಟ್ಟೆ. ಹಿಂದೆ ಅವಿತು ಹಗ್ಗ ಎಳೆದರೆ ದಬಕ್ಕನೆ ಬೀಳುವ ಏರ್ಪಾಡು.

ಅದನ್ನು ಕಂಡು ಗ್ಯಾರೇಜಿನ ಯಜಮಾನರು ಕುಣಿದೇಬಿಟ್ಟರು. ಅವರ ತಂದೆ ಅದೇ ಯೆರಿಕೋದವರು, ಊರು ಈಗಲೂ ಇದೆ. ಅವರ ಅರಬ್ಬಿಯಲ್ಲಿ ಅದು ‘ಅರೀಹಾ’. ಸಾವಿರಾರು ವರ್ಷಗಳ ಊರು, ಎಷ್ಟೋ ಸಲ ಬಿದ್ದು ಎಷ್ಟೋ ಸಲ ಎದ್ದ ಗೋಡೆಗಳು, ಅಗೆದಾಗ ಸಿಕ್ಕ ಕಲ್ಲಿನ ಗೋಪುರ ಈಗಲೂ ನಿಂತಿದೆ, ಇನ್ನು ಅಲ್ಲಿನ ಖರ್ಜೂರವೋ, ಕೇಳಲೇಬೇಡ! ಇಷ್ಟೆಲ್ಲ ಹೇಳಿದ ಅವರು ಆ ಊರನ್ನು ನೋಡಿರಲಿಲ್ಲ. ಗಡಿ ದಾಟಿ ಅಲ್ಲಿಗೆ ಹೋಗಲು ಅನುಮತಿಯೇ ಸಿಕ್ಕಿರಲಿಲ್ಲ. ನಾಟಕದ ದಿನ ಕೋಟೆಯನ್ನು ಪಿಕಪ್ಪಿನಲ್ಲಿ ತಂದು ವೇದಿಕೆಯ ಮೇಲೆ ನಿಲ್ಲಿಸಿದವರು ಅವರೇ.

ಮಕ್ಕಳು ಏಳು ಸುತ್ತು ಬಂದರು. ಪ್ಲಾಸ್ಟಿಕ್ ಕೊಂಬುಗಳು ಪೀಂ ಎಂದವು. ಸೇನಾಪತಿ ಕಣ್ಣು ಮುಚ್ಚಿ ಕೂಗಿದಳು. ಹಗ್ಗ ಎಳೆದೆ. ಜಪ್ಪಯ್ಯ ಅಂದರೂ ಕೋಟೆ ಅಲ್ಲಾಡಲಿಲ್ಲ. ಮತ್ತೆ ಕೂಗಿದಳು, ಮತ್ತೆ ಎಳೆದೆ. ಹಗ್ಗ ಕಿತ್ತು ಕೈಗೆ ಬಂತು, ಬಿದ್ದವನು ನಾನು, ಅದೂ ಅಂಗಾತ. ಹುಡುಗಿ ಅತ್ತಳು ಅಂತಲೇ ಅಂದುಕೊಂಡೆ.

ಟಕ್ ಟಕ್ ಎಂದು ಕೋಟೆಯ ಬಾಗಿಲು ಬಡಿದ ಸದ್ದು.

“ಹಲೋ! ಓಪನ್ ದ ಡೋರ್, ಅಂಕಲ್! ಯಲ್ಲಾ, ಕ್ವಿಕ್!” ಸೇನಾಪತಿಯದೇ ದನಿ.

ತೆಗೆದೆ. ಸೇನೆ ಹೋ ಎನ್ನುತ್ತ ನನ್ನನ್ನು ತುಳಿದುಕೊಂಡೇ ಒಳನುಗ್ಗಿತು. ಸಭೆ ಬಿದ್ದು ಬಿದ್ದು ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ, ಖುಷಿಗೆ ತಲೆಯೇ ತಿರುಗಿದಂತಾಯಿತು. ಇಳಿಯಲೊಲ್ಲದ ಸೇನಾಪತಿಯನ್ನು ಸ್ಟೇಜಿನಿಂದ ಎತ್ತಿಕೊಂಡು ಇಳಿಸಬೇಕಾಯಿತು.

ಆಮೇಲೆ ನೋಡಿದರೆ ಗೋಡೆಯ ಬುಡದಲ್ಲಿ ನಮ್ಮದೇ ಸ್ಟೋರಿನ ಬೋಲ್ಟುಗಳು! ಯಜಮಾನರು ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು.

“ಮಕ್ಕಳ ಮೇಲೆ ಬಿದ್ದೀತು ಅಂತ ಬಿಗಿದೆ,” ಎಂದರು ತಮ್ಮ ಹರಕು ಹಿಂದಿಯಲ್ಲಿ. ಆಮೇಲೆ ಥರ್ಮಕೋಲನ್ನು ಮೆಲ್ಲಗೆ ಸವರಿದರು. “ನಾನು ಅರೀಹಾ ನೋಡಿದ್ದೇ ಇವತ್ತು. ನೋಡುವಾಗಲೇ ಬೀಳಬೇಕಾ?”